ಕೂರದ ನಾಯಿ, ಕಾಣದ ಹಕ್ಕಿ

ಹಕ್ಕಿ ನೋಡಲು ಹೋಗುವವರು ಯಾರಾದರೂ ಬೇಟೆನಾಯಿಯನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆಯೇ? ನೀವೇ ಹೇಳಿ. ಈ ಪ್ರಶ್ನೆಯನ್ನು ನಾನು ಅವರಿಗೆ ನೇರವಾಗಿ ಕೇಳಿದ್ದೇನೆ, ಸುತ್ತಿ ಬಳಸಿ ಕೇಳಿದ್ದೇನೆ, ಸಿಟ್ಟಿನಲ್ಲಿ ಕೇಳಿದ್ದೇನೆ, ಒಮ್ಮೆ ಕೆರೆ ಏರಿಯ ಮೇಲೆ ಕೆಸರಿನಲ್ಲಿ ಜಾರಿ ಬಿದ್ದು ಕೂತಲ್ಲೇ ಅಳುದನಿಯಲ್ಲೂ ಕೇಳಿದ್ದೇನೆ. ಉತ್ತರ ಮಾತ್ರ ಒಂದೇ. “ಬಿಟ್ಟು ಬಂದ್ರೆ ಅವನು ಬೇಜಾರ್ ಮಾಡ್ಕೋತಾನೆ ಕಣೇ.” ನನ್ನ ಬೇಜಾರು ಯಾವತ್ತೂ ಲೆಕ್ಕಕ್ಕೆ ಬರಲಿಲ್ಲ.

ಹೋದ ವಾರ ಶಾಲೆ ಮುಗಿಸಿ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದ ಹೆಂಗಸೊಬ್ಬರು ಸಿಕ್ಕಿ, “ನಿಮ್ಮ ನರ್ಸಮ್ಮ ಹೋಗ್ಬಿಟ್ರಂತಲ್ಲ, ಗೊತ್ತಾಯ್ತಾ?” ಎಂದರು. ಗೊತ್ತಾಗಿರಲಿಲ್ಲ. ಯಶವಂತಪುರದಿಂದ ಯಲಹಂಕಕ್ಕೆ ಸುದ್ದಿ ಬರುವ ಹೊತ್ತಿಗೆ ಮಣ್ಣಾಗಿ ನಾಲ್ಕು ದಿನವಾಗಿತ್ತು. ಹೇಳಿಕಳಿಸಬೇಕು ಎಂದು ಯಾರಿಗೂ ಹೊಳೆದಿಲ್ಲ, ಅವರಿಗೆ ಯಾರಾದರೂ ಇದ್ದರೆ ತಾನೆ ಹೊಳೆಯುವುದು. ಮನೆಗೆ ಬಂದು ಚೀಲ ಇಟ್ಟೆ. ಅಳು ಬರುತ್ತದೆ ಅಂದುಕೊಂಡರೆ ಬಂದದ್ದು ಸಿಟ್ಟು. ನಾನು ಹೇಳಿದ ಒಂದೇ ಒಂದು ಮಾತನ್ನು ನಂಬದೆ ಹೋಗಿಬಿಟ್ಟರಲ್ಲ ಎಂದು.

ಅವರಿಗೊಂದು ಹೆಸರಿತ್ತು. ಆ ಹೆಸರಿನಿಂದ ಕರೆದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲ, ಅಷ್ಟು ಕಾಲದಿಂದ ಎಲ್ಲರಿಗೂ ನರ್ಸಮ್ಮ. ನಮ್ಮ ಬೀದಿಯ ಕೊನೆಯಲ್ಲಿದ್ದ ಪುಟ್ಟ ಹೆರಿಗೆ ಆಸ್ಪತ್ರೆಯ ಪಕ್ಕದ ಎರಡು ಕೋಣೆಯ ಮನೆಯಲ್ಲಿ ಇದ್ದರು. ಕುಳ್ಳಗಿನ ಗಟ್ಟಿ ಹೆಂಗಸು. ಬಿಳಿ ಸೀರೆಯನ್ನು ಹಿಮ್ಮಡಿಗಿಂತ ಗೇಣು ಮೇಲಕ್ಕೆ ಸಿಕ್ಕಿಸಿ, ಕಂಕುಳಲ್ಲಿ ಕೊಡೆ ಇಟ್ಟುಕೊಂಡು ನಡೆದರೆ ಗಂಡಸರೂ ಹಿಂದೆ ಉಳಿಯುತ್ತಿದ್ದರು. ಮೈಯಿಂದ ಯಾವಾಗಲೂ ಫಿನಾಯಿಲ್ ವಾಸನೆ. ಸುತ್ತಲಿನ ಹಳ್ಳಿಗಳಲ್ಲಿ ಅವರ ಕೈಯಲ್ಲಿ ಹುಟ್ಟದ ಮಗು ಹುಡುಕಿದರೂ ಸಿಗುತ್ತಿರಲಿಲ್ಲ. ನಮ್ಮ ಅಕ್ಕನ ಮಗ ಕಾಲು ಮುಂದಾಗಿ ಬಂದವನು. ಅವನನ್ನೂ ಅಕ್ಕನನ್ನೂ ಉಳಿಸಿಕೊಟ್ಟದ್ದು ನರ್ಸಮ್ಮನೇ. ಆವತ್ತಿನಿಂದ ನಮ್ಮಮ್ಮನಿಗೆ ಅವರಿಗೆ ಏನು ಕೊಟ್ಟರೂ ಸಾಲದು ಎನ್ನಿಸಿ, ಹುಳಿಪುಡಿ ಕೊಟ್ಟರು, ಹಪ್ಪಳ ಕೊಟ್ಟರು, ಆಮೇಲೆ ನನ್ನನ್ನೇ ಕೊಟ್ಟುಬಿಟ್ಟರು.

ಆಗ ನನಗೆ ಮಿಡ್ಲ್ ಸ್ಕೂಲಿನಲ್ಲಿ ಕೆಲಸ ಸಿಕ್ಕಿ ಹೊಸದು. ಬೆಳಗಿನ ನಿದ್ದೆ ಎಂದರೆ ಪ್ರಾಣ. “ಅವರೊಬ್ರೇ ಮಬ್ಬುಗತ್ತಲಲ್ಲಿ ಕೆರೆ ಕಡೆ ಹೋಗ್ತಾರಂತೆ. ಜನ ಏನೇನೋ ಆಡ್ತಾರೆ. ನೀನೂ ಹೋಗು, ಜೊತೆ ಆಗುತ್ತೆ” ಎಂದರು ಅಮ್ಮ. ಜನ ಆಡುತ್ತಿದ್ದುದು ನಿಜ. ಗಂಡನಿಲ್ಲದ ಹೆಂಗಸು ದಿನಾ ಬೆಳಗ್ಗೆ ದುರ್ಬೀನು ನೇತುಹಾಕಿಕೊಂಡು, ನಾಯಿ ಕರೆದುಕೊಂಡು, ಕೆರೆ ದಂಡೆಯಲ್ಲಿ ಗಂಟೆಗಟ್ಟಲೆ ನಿಂತರೆ ಆಡದೆ ಬಿಡುತ್ತಾರೆಯೇ? ನಾನು ಜೊತೆಗೆ ಹೋದ ಮೇಲೆ ಇಬ್ಬರಿಗೂ ಸೇರಿಸಿ ಆಡಿದರು, ಅಷ್ಟೇ.

ಆ ದುರ್ಬೀನು ಮತ್ತು ನಾಯಿಯ ಕಥೆ ಕೇಳಿ. ಹೆಬ್ಬಾಳದ ಕಡೆ ಒಂದು ಬಂಗಲೆಯಲ್ಲಿ ಒಬ್ಬ ಇಂಗ್ಲಿಷ್ ದೊರೆ, ಅವನ ಹೆಂಡತಿ ಇದ್ದರು. ಸ್ವಾತಂತ್ರ್ಯ ಬಂದು ಎಷ್ಟೋ ವರ್ಷಗಳಾದ ಮೇಲೂ ಊರಿಗೆ ಹೋಗದೆ ಉಳಿದವರು. ದೊರೆಗೆ ಬಾತುಕೋಳಿ ಹೊಡೆಯುವ ಹುಚ್ಚು, ದೊರೆಸಾನಿಗೆ ಹಕ್ಕಿ ನೋಡುವ ಹುಚ್ಚು. ಆಕೆಯ ಕಷ್ಟದ ಹೆರಿಗೆಗೆ ಹೋಗಿ ಬಾಣಂತನಕ್ಕೂ ತಿಂಗಳುಗಟ್ಟಲೆ ಓಡಾಡಿದವರು ನಮ್ಮ ನರ್ಸಮ್ಮ. ಕಡೆಗೂ ಅವರು ಹಡಗು ಹತ್ತುವಾಗ ಹೆಂಡತಿ ತನ್ನ ದುರ್ಬೀನು ಕೊಟ್ಟಳು, ಗಂಡ ತನ್ನ ನಾಯಿ ಕೊಟ್ಟ. ಹಕ್ಕಿ ನೋಡುವ ದುರ್ಬೀನು, ಹಕ್ಕಿ ಎಬ್ಬಿಸುವ ನಾಯಿ. ಒಂದೇ ಮನೆಯಲ್ಲಿ ಅವೆರಡೂ ಹೇಗಿದ್ದವೋ, ಆ ಗಂಡಹೆಂಡಿರು ಹೇಗೆ ಬಾಳಿದರೋ, ದೇವರೇ ಬಲ್ಲ. ಇಬ್ಬರೂ ಸೇರಿ ತಮ್ಮ ಜಗಳವನ್ನು ನರ್ಸಮ್ಮನ ಕೊರಳಿಗೆ ಕಟ್ಟಿ ಹೋದರು.

ನಾಯಿಯ ಹೆಸರು ಡ್ಯೂಕ್. ಕಂದುಬಣ್ಣ, ಜೋತುಬಿದ್ದ ಕಿವಿ, ಒದ್ದೆ ಮೂಗು. ಹಳ್ಳಿಯವರ ಬಾಯಲ್ಲಿ ಡೂಕಪ್ಪ. ಅವನ ಕಸುಬು ಏನೆಂದರೆ, ಜೊಂಡಿನೊಳಗೆ ನುಗ್ಗಿ ಹಕ್ಕಿ ಎಬ್ಬಿಸಬೇಕು, ದೊರೆ ಗುಂಡು ಹಾರಿಸಬೇಕು, ಬಿದ್ದ ಹಕ್ಕಿಯನ್ನು ಹಲ್ಲು ತಾಗಿಸದೆ ಬಾಯಲ್ಲಿ ಕಚ್ಚಿ ತರಬೇಕು. ಇದನ್ನು ಅವನಿಗೆ ಮರಿಯಿಂದ ಕಲಿಸಿದ್ದರು. ಅವನು ಒಳ್ಳೆಯ ವಿದ್ಯಾರ್ಥಿ. ಕಲಿತದ್ದನ್ನು ಮರೆಯಲೇ ಇಲ್ಲ.

ಹೀಗಾಗಿ ನಮ್ಮ ದಿನಚರಿ ಹೀಗಿತ್ತು. ಮಬ್ಬಿನಲ್ಲಿ ಹೊರಟು ಹೊಲದ ಬದುವಿನ ಮೇಲೆ ಅಲ್ಲಾಳಸಂದ್ರದ ಕೆರೆಗೆ ಹೋಗುವುದು. ನರ್ಸಮ್ಮ ಮೆಲ್ಲಗೆ ಏರಿ ಹತ್ತಿ, ದುರ್ಬೀನು ಕಣ್ಣಿಗೆ ಹಿಡಿದು, “ಶ್, ಅಗೋ” ಎನ್ನುವುದು. ನಾನು ಕಣ್ಣುಜ್ಜಿಕೊಂಡು “ಎಲ್ಲಿ?” ಎನ್ನುವಷ್ಟರಲ್ಲಿ ಡ್ಯೂಕ್ ದಡಬಡ ನೀರಿಗೆ ಹಾರುವುದು. ಕೆರೆಗೆ ಕೆರೆಯೇ ಮೇಲೆದ್ದು ಹೋಗುವುದು. ಆಮೇಲೆ ಅವನು ಮೊಣಕಾಲುದ್ದ ನೀರಿನಲ್ಲಿ ಒಂದು ಮುಂಗಾಲೆತ್ತಿ ನಿಲ್ಲುತ್ತಿದ್ದ. ಕಾಯುತ್ತಿದ್ದ. ಗುಂಡಿನ ಸದ್ದು ಬರುತ್ತಿರಲಿಲ್ಲ. ಕೊನೆಗೆ ಕುತ್ತಿಗೆ ತಿರುಗಿಸಿ ನರ್ಸಮ್ಮನ ಮುಖ ನೋಡುತ್ತಿದ್ದ. ಇಷ್ಟು ಚೆನ್ನಾಗಿ ಎಬ್ಬಿಸಿಕೊಟ್ಟರೂ ಈಕೆಗೆ ಏನಾಗಿದೆ ಎನ್ನುವ ನೋಟ. ನರ್ಸಮ್ಮ ಅವನಿಗೆ ಸಮಾಧಾನ ಹೇಳುತ್ತಿದ್ದರು. “ಇಲ್ಲಪ್ಪ, ಇವತ್ತೂ ಇಲ್ಲ.”

ಸಿಟ್ಟಾಗಬೇಕಾದವರು ಕ್ಷಮೆ ಕೇಳುತ್ತಿದ್ದರು. ಹೊಟ್ಟೆ ಉರಿಯದೆ ಇನ್ನೇನು?

ಕಟ್ಟಿಹಾಕಿ ಹೋಗೋಣ ಎಂದೆ. ಕಟ್ಟಿಹಾಕಿದ ದಿನ ಅವನು ಊಳಿಟ್ಟ ಊಳಿಗೆ ಪಕ್ಕದ ಆಸ್ಪತ್ರೆಯ ಬಾಣಂತಿಯರೆಲ್ಲ ಎದ್ದು ಕೂತರು, ಹಸುಗೂಸುಗಳು ಒಟ್ಟಿಗೆ ಅಳಲು ಶುರುಮಾಡಿದವು, ಆಯಾ ಬಂದು ಹಗ್ಗ ಬಿಚ್ಚಿದಳು. ನಾವು ಏರಿ ಮುಟ್ಟುವ ಮೊದಲೇ ಅವನು ನಮ್ಮನ್ನು ದಾಟಿಕೊಂಡು ಹೋಗಿ ನೀರಿಗೆ ಹಾರಿದ್ದ. ಇನ್ನೊಂದು ದಿನ ನಮ್ಮ ಮನೆಯಲ್ಲಿ ಕೂಡಿಹಾಕಿದರೆ ಅಮ್ಮನ ಹಿಟ್ಟಿನ ಡಬ್ಬಿ ಉರುಳಿಸಿದ. ಕತ್ತಿಗೆ ಹಗ್ಗ ಹಾಕಿ ಹಿಡಿದುಕೊಳ್ಳುವ ಕೆಲಸ ಕೊನೆಗೆ ನನ್ನ ಪಾಲಿಗೆ ಬಂತು. ಅವನ ತೂಕ, ನನ್ನ ತೂಕ ಆಗ ಹೆಚ್ಚು ಕಮ್ಮಿ ಒಂದೇ. ನಾನು ಬಿದ್ದೆ ಎಂದು ಮೊದಲೇ ಹೇಳಿದೆನಲ್ಲ, ಅದು ಆಗಲೇ.

ಅವರು ಹಕ್ಕಿಗಳ ವಿಷಯದಲ್ಲಿ ಏನೋ ಬಹಳ ತಿಳಿದವರು ಎಂದುಕೊಳ್ಳಬೇಡಿ. ಏನೂ ತಿಳಿದಿರಲಿಲ್ಲ. ಎಲ್ಲ ಹಕ್ಕಿಗೂ ಹೆರಿಗೆ ಆಸ್ಪತ್ರೆಯಿಂದಲೇ ಹೆಸರು. ಕತ್ತು ಒಳಗೆಳೆದುಕೊಂಡು ದಂಡೆಯಲ್ಲಿ ಏನೂ ಮಾಡದೆ ನಿಲ್ಲುವ ಬೂದು ಕೊಕ್ಕರೆ, ‘ಹೊರಗಡೆ ನಿಂತಿರೋ ಗಂಡ’. ಯಾರು ಹತ್ತಿರ ಬಂದರೂ ಕಿರಿಚಿಕೊಂಡು ಮೇಲೇಳುವ ಟಿಟ್ಟಿಭ, ‘ಅತ್ತೆ’. ನೀರಿನಲ್ಲಿ ಮುಳುಗಿ ಇನ್ನೆಲ್ಲೋ ಏಳುವ ಗುಳುಮುಳುಕನನ್ನು ‘ಔಷಧಿ ತರೋಕೆ ಹೋದವನು’ ಎನ್ನುತ್ತಿದ್ದರು. ನಾನು ಟೀಚರು. ಸರಿಯಾದ ಹೆಸರು ಹೇಳಿಕೊಡಲು ನೋಡಿದೆ. “ಅದು ಟಿಟ್ಟಿಭ ನರ್ಸಮ್ಮ” ಎಂದರೆ, “ಇರ್ಲಿ ಬಿಡು, ಅದಕ್ಕೇನ್ ಗೊತ್ತು?” ಎನ್ನುತ್ತಿದ್ದರು.

ಇಷ್ಟೆಲ್ಲ ಇದ್ದರೂ ಅವರಿಗೆ ನೋಡಬೇಕಾಗಿದ್ದುದು ಒಂದೇ ಹಕ್ಕಿ. ಉಳಿದವು ದಾರಿಯಲ್ಲಿ ಸಿಕ್ಕವು. ಅದು ತಾವರೆ ಎಲೆಗಳ ಮೇಲೆ ಉದ್ದುದ್ದ ಬೆರಳಿಟ್ಟು ಮುಳುಗದೆ ನಡೆಯುವ ಹಕ್ಕಿ. ಕಪ್ಪು ಕತ್ತು, ಕಂಚಿನ ಬಣ್ಣದ ಬೆನ್ನು, ಕಣ್ಣಿನ ಮೇಲೆ ಸುಣ್ಣದಲ್ಲಿ ಗೀಚಿದ ಹಾಗೆ ಬಿಳಿ ಹುಬ್ಬು. ದೇವನಕ್ಕಿ ಎಂದು ಕೆಲವರು ಅನ್ನುತ್ತಾರೆ. ಆ ಹಕ್ಕಿಯಲ್ಲಿ ಹೆಣ್ಣು ಮೊಟ್ಟೆಯಿಟ್ಟು ತನ್ನ ಪಾಡಿಗೆ ತಾನು ಹೊರಟುಹೋಗುತ್ತದೆ, ಕಾವು ಕೂರುವುದು ಗಂಡು, ಮರಿ ಸಾಕುವುದು ಗಂಡು, ಅಪಾಯ ಬಂದರೆ ಮರಿಗಳನ್ನು ಎರಡೂ ರೆಕ್ಕೆಯ ಕೆಳಗೆ ಅವುಚಿಕೊಂಡು ಎದ್ದು ನಡೆಯುವುದೂ ಗಂಡೇ ಎಂದು ದೊರೆಸಾನಿ ಬಾಣಂತಿ ಮಂಚದ ಮೇಲೆ ಮಲಗಿ ನರ್ಸಮ್ಮನಿಗೆ ಹೇಳಿದ್ದಳಂತೆ. ಅದನ್ನು ಕಣ್ಣಾರೆ ನೋಡಬೇಕು. ಅಷ್ಟೇ ಅವರ ಆಸೆ.

ಯಾಕೆ ಅಷ್ಟು ಹಟ ಎಂದರೆ ಅದಕ್ಕೂ ಕಾರಣವಿತ್ತು. ಮಗು ಹುಟ್ಟಿದರೆ ಪುರುಡು ಕಳೆಯುವವರೆಗೆ ನಮ್ಮ ಕಡೆ ಅಪ್ಪನಾದವನು ಮುಟ್ಟುವುದಿಲ್ಲ. ಅದು ಹೆಣ್ಣಾದರೆ ಪುರುಡು ಕಳೆದು ಮೂರು ತಿಂಗಳಾದರೂ ಮುಟ್ಟುವುದಿಲ್ಲ. ನರ್ಸಮ್ಮನಿಗೆ ಇದು ಸರಿಬರುತ್ತಿರಲಿಲ್ಲ. ಹೆರಿಗೆಯಾದ ತಕ್ಷಣ ಕೂಸನ್ನು ಬಟ್ಟೆಯಲ್ಲಿ ಸುತ್ತಿ, ಹೊರಗೆ ಬೀಡಿ ಸೇದುತ್ತಾ ನಿಂತ ಅಪ್ಪನ ಮುಂದೆ ಹಿಡಿದು, “ತಗೋ, ಹಿಡ್ಕೋ” ಎನ್ನುತ್ತಿದ್ದರು. ಗಂಡಸರು ಅವರನ್ನು ಕಂಡರೆ ಓಡುತ್ತಿದ್ದರು, ಸುಳ್ಳಲ್ಲ. ಕೆರೆಯಿಂದ ವಾಪಸು ಬರುವಾಗ ಬಾಣಂತಿಯರ ಮನೆಗಳನ್ನು ಹೊಕ್ಕು ಬರುವುದು ರೂಢಿ. ತಾಯಿಯನ್ನು ನೋಡುವ ಮೊದಲು ಅಪ್ಪನನ್ನು ಕೇಳುತ್ತಿದ್ದರು, “ಎತ್ಕೊಂಡ್ಯಾ?”

ಅವರಲ್ಲೆಲ್ಲ ಗಟ್ಟಿ ಆಸಾಮಿ ಮುನಿಯಪ್ಪ. ಅಲ್ಲಾಳಸಂದ್ರದಲ್ಲಿ ಸ್ವಲ್ಪ ಹೊಲ ಇತ್ತು, ಕೆರೆಯ ತಾವರೆ ಎಲೆ ಕಿತ್ತು ಊಟದ ಎಲೆಗೆಂದು ಮದುವೆ ಮನೆಗಳಿಗೆ ಕೊಡುತ್ತಿದ್ದ. ಒಳ್ಳೆಯವನು, ನಮ್ಮಿಬ್ಬರಿಗೂ ಕಡಲೆಕಾಯಿ ಸುಟ್ಟು ಕೊಡುತ್ತಿದ್ದ, ಡ್ಯೂಕನಿಗೆ ಮುದ್ದೆ ಹಾಕುತ್ತಿದ್ದ. ಅವನ ಹೆಂಡತಿಗೆ ಮೂರನೆಯದೂ ಹೆಣ್ಣಾದಾಗ ಅವನು ಹುಲ್ಲಿನ ಮೆದೆಯ ಹಿಂದೆ ಹೋಗಿ ನಿಂತವನು ಬಿಸಿಲೇರುವವರೆಗೆ ಬರಲಿಲ್ಲ. ನರ್ಸಮ್ಮ ಕೂಸನ್ನು ಎತ್ತಿಕೊಂಡು ಮೆದೆಯ ಸುತ್ತ ಹೋದರು, ಅವನು ಇನ್ನೊಂದು ಕಡೆಯಿಂದ ಸುತ್ತಿಕೊಂಡು ಹೋದ. ಹೀಗೆ ಇಬ್ಬರೂ ಮೆದೆಗೆ ಪ್ರದಕ್ಷಿಣೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆಮೇಲೆ ದಿನಾ ಅದೇ. “ಎತ್ಕೊಂಡ್ಯೇನಯ್ಯ?”

“ಎತ್ಕಂಡೆ ಕಣವ್ವ, ಬೆಳಗ್ಗೆ ಎತ್ಕಂಡಿದ್ದೆ.”

“ನಾನು ನೋಡ್ಲಿಲ್ವಲ್ಲ.”

ಇದು ಅವರ ಮಾತು. ಎಲ್ಲದಕ್ಕೂ ಇದೇ. ನೋವು ಶುರುವಾಗಿದೆ ಎಂದು ಯಾರಾದರೂ ಓಡಿಬಂದರೆ “ನಾನು ನೋಡ್ಬೇಕು”, ಮಗು ಹಾಲು ಕುಡಿಯಿತು ಎಂದು ಅತ್ತೆ ಹೇಳಿದರೆ “ನಾನು ನೋಡ್ಲಿಲ್ವಲ್ಲ”. ಒಮ್ಮೆ ನಾನು ಅವರ ಮನೆಯವರ ಬಗ್ಗೆ ಕೇಳಿದಾಗ, “ನಮ್ಮಪ್ಪ ನನ್ನ ಒಂದ್ಸಲಾನೂ ಎತ್ಕೊಂಡಿರ್ಲಿಲ್ವಂತೆ, ಅಜ್ಜಿ ಹೇಳೋರು” ಎಂದರು. ಸ್ವಲ್ಪ ದೂರ ನಡೆದ ಮೇಲೆ ಅವರೇ ಸೇರಿಸಿದರು, “ಅಜ್ಜಿ ಹೇಳಿದ್ದು. ನಾನು ನೋಡಿದ್ದಲ್ಲ.”

ಒಂದು ಬೆಳಗ್ಗೆ ಮುನಿಯಪ್ಪನನ್ನು ಏರಿಯ ಮೇಲೆ ಕೂರಿಸಿಕೊಂಡು ದೇವನಕ್ಕಿಯ ವಿಷಯ ಹೇಳಿದರು. ಗಂಡು ಕಾವು ಕೂರುತ್ತದೆ, ಮರಿಗಳನ್ನು ರೆಕ್ಕೆಯಲ್ಲಿ ಹೊತ್ತು ತಿರುಗುತ್ತದೆ, ನೀನು ಒಂದು ಹಿಡಿಯಷ್ಟು ಕೂಸನ್ನು ಎತ್ತಿಕೊಳ್ಳಲು ಹಿಂದೆಮುಂದೆ ನೋಡುತ್ತೀಯಲ್ಲ ಎಂದರು. ಮುನಿಯಪ್ಪ ಗೌರವದಿಂದ ಎಲ್ಲ ಕೇಳಿಸಿಕೊಂಡ. ಕೊನೆಗೆ, “ನೀವು ಕಂಡಿದೀರಾ ನರ್ಸಮ್ನೋರೆ?” ಎಂದ.

ಹೌದು ಎಂದುಬಿಟ್ಟಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ನಾನಾಗಿದ್ದರೆ ಮೂರು ಸಲ ಕಂಡಿದ್ದೇನೆ ಎನ್ನುತ್ತಿದ್ದೆ. ನರ್ಸಮ್ಮ ಬಾಯಿ ತೆರೆದರು, ಮುಚ್ಚಿದರು, “ಇಲ್ಲ” ಎಂದರು.

“ಅಂಗಾದ್ರೆ ಬುಡಿ” ಎಂದು ಮುನಿಯಪ್ಪ ಎದ್ದು ಪಂಚೆ ಕೊಡವಿಕೊಂಡು ಹೋದ.

ಅಲ್ಲಿಂದ ಮುಂದೆ ಅವರಿಗೆ ಹಟ ಹಿಡಿಯಿತು. ಮಳೆಗಾಲ ಬಂದು ಕೆರೆಗೆ ನೀರು ಕೂಡಿ ತಾವರೆ ಹರಡಿತೆಂದರೆ ಸಾಕು, ಅವರಿಗೆ ಊಟ ಸೇರುತ್ತಿರಲಿಲ್ಲ. ಒಂದು ವರ್ಷ ಗೂಡು ಕೆರೆಯ ನಡುವಿನಲ್ಲಿತ್ತು, ದುರ್ಬೀನಿಗೂ ಎಟುಕಲಿಲ್ಲ. ಮರುವರ್ಷ ಹತ್ತಿರವೇ ಇತ್ತು, ಡ್ಯೂಕ್ ಹಗ್ಗ ಕಿತ್ತುಕೊಂಡು ಹೋಗಿ ಹಕ್ಕಿಯನ್ನು ಎಷ್ಟು ಸಲ ಎಬ್ಬಿಸಿದನೆಂದರೆ ಅದು ಗೂಡನ್ನೇ ಬಿಟ್ಟಿತು. ಇನ್ನೊಂದು ವರ್ಷ ಮಳೆಯೇ ಬರಲಿಲ್ಲ. ಮತ್ತೊಂದು ವರ್ಷ ಮರಿ ಒಡೆಯುವ ಹೊತ್ತಿಗೆ ಚಿಕ್ಕಜಾಲದಿಂದ ಗಾಡಿ ಕಟ್ಟಿಕೊಂಡು ಬಂದರು, ಅವಳಿ ಹೆರಿಗೆ, ಎರಡು ದಿನ ಅಲ್ಲೇ ಉಳಿದರು. ವಾಪಸು ಬಂದಾಗ ಗೂಡು ಖಾಲಿ. “ಅವಳಿ ಚೆನ್ನಾಗಿವೆ” ಎಂದರು. ಮುಖ ಮಾತ್ರ ಇಷ್ಟುದ್ದ ಇತ್ತು.

ನಡುವೆ ಒಂದು ಭಾನುವಾರ ಪೇಟೆಯಿಂದ ಜೀಪಿನಲ್ಲಿ ಬಂದೂಕಿನವರು ಬಂದರು. ಮೊದಲ ಗುಂಡು ಹಾರಿದ್ದೇ ತಡ, ಡ್ಯೂಕ್ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಓಡಿದ. ಅಂಥ ಓಟ ನಾನು ಆಮೇಲೆ ಕಾಣಲಿಲ್ಲ. ಬಿದ್ದ ಬಾತುಕೋಳಿಯನ್ನು ಬಾಯಲ್ಲಿ ಹೂವಿನ ಹಾಗೆ ಹಿಡಿದು, ಬಂದೂಕಿನವನನ್ನು ದಾಟಿಕೊಂಡು ಬಂದು, ನರ್ಸಮ್ಮನ ಪಾದದ ಬಳಿ ಇಟ್ಟು, ಬಾಲ ಅಲ್ಲಾಡಿಸಿದ. ಕಡೆಗೂ ನೀನು ಮನಸ್ಸು ಮಾಡಿದೆಯಲ್ಲ ಎನ್ನುವಂತೆ. ನರ್ಸಮ್ಮ ಅವನ ತಲೆ ಸವರಿದರು. ಬಂದೂಕಿನವರಲ್ಲೊಬ್ಬ ಬಂದು, “ಎಂಥಾ ನಾಯಿ ಕಣ್ರೀ, ನಿಮಗ್ಯಾಕಿದು? ನನಗೆ ಕೊಡಿ, ಚೆನ್ನಾಗಿ ನೋಡ್ಕೋತೀನಿ” ಎಂದ.

“ಅವನಿಗೆ ನಿಮ್ಮ ಹತ್ರಾನೇ ಸಂತೋಷ ಅಂತ ನಂಗೂ ಗೊತ್ತು” ಎಂದರು ನರ್ಸಮ್ಮ. “ಆದ್ರೂ ಕೊಡಲ್ಲ.”

ಕೊಟ್ಟಿದ್ದರೆ ನಾಯಿಗೆ ಸುಖ, ಹಕ್ಕಿಗೆ ಸುಖ, ನನಗೆ ಪರಮಸುಖ. ಮನೆಯವರೆಗೆ ಇದನ್ನೇ ಹೇಳಿಕೊಂಡು ಬಂದೆ. ಅವರು ನಮ್ಮ ಬಾಗಿಲ ಹತ್ತಿರ ನಿಂತು, “ಮನೆ ಬಿಟ್ಟುಹೋದೋರು ನಂಬಿ ಕೊಟ್ಟಿದ್ದು ಕಣೇ” ಎಂದು ಹೇಳಿ ಹೋದರು.

ಆಮೇಲೆ ನರ್ಸಮ್ಮನಿಗೆ ವರ್ಗದ ಆರ್ಡರು ಬಂತು. ಯಶವಂತಪುರದ ಕಡೆಯ ಆಸ್ಪತ್ರೆಗೆ. ಬಂದದ್ದು ಶ್ರಾವಣದಲ್ಲಿ, ಅಂದರೆ ಎಲ್ಲವೂ ಸರಿಯಾಗಿದ್ದ ಆ ಒಂದೇ ವರ್ಷದಲ್ಲಿ. ಆ ಸಲ ಗೂಡು ತೂಬಿನ ಕಲ್ಲುಕಂಬದ ಹತ್ತಿರವೇ, ದುರ್ಬೀನು ಬೇಡದಷ್ಟು ಹತ್ತಿರ ಆಗಿತ್ತು. ತಾವರೆ ಎಲೆಗಳ ನಡುವೆ ಹೊಳೆಯುವ ಕಂದು ಮೊಟ್ಟೆಗಳು, ಮೇಲೆ ಮಗು ಸ್ಲೇಟಿನಲ್ಲಿ ಗೀಚಿದ ಹಾಗೆ ಕಪ್ಪು ಗೆರೆ. ಡ್ಯೂಕನನ್ನು ದೂರದ ಹೊಂಗೆ ಮರಕ್ಕೆ ಸರಪಳಿಯಿಂದ ಕಟ್ಟಿ, ನಾನು ಅವನ ಬಾಯಿಗೆ ಒಂದೊಂದೇ ಬಿಸ್ಕತ್ತು ಕೊಡುತ್ತಾ ಕೂರುವುದು, ನರ್ಸಮ್ಮ ಒಬ್ಬರೇ ಏರಿಗೆ ಹೋಗಿ ನೋಡಿ ಬರುವುದು. ಹಾಗೆ ದಿನಗಳು ನಡೆದವು. ಗಂಡು ಕೂತೇ ಇತ್ತು. ಇನ್ನೇನು ಒಡೆಯಬೇಕು. ದೊಡ್ಡ ಡಾಕ್ಟರನ್ನು ಬೇಡಿ ಹೊರಡುವ ದಿನವನ್ನು ಒಂದು ವಾರ ಮುಂದಕ್ಕೆ ಹಾಕಿಸಿಕೊಂಡರು. ಕಾರಣ ಕೇಳಿದ್ದಕ್ಕೆ “ಒಂದು ಹೆರಿಗೆ ಇದೆ ಸಾರ್” ಎಂದರಂತೆ. ಸುಳ್ಳು ಹೇಳಿದ ಹಾಗೂ ಆಗಲಿಲ್ಲ.

ಹೊರಡುವ ಹಿಂದಿನ ದಿನ ಅಲ್ಲಾಳಸಂದ್ರದವರು ಅವರಿಗೊಂದು ಊಟ ಇಟ್ಟುಕೊಂಡರು. ಬೆಳಗ್ಗೆ ಕೆರೆಗೆ ಹೋಗಲು ಬಿಡಲೇ ಇಲ್ಲ. ಹೆಂಗಸರು ಬಂದು ಎಣ್ಣೆ ಹಚ್ಚಿ, ನೀರು ಹಾಕಿ, ಹೂ ಮುಡಿಸಿ, ಮೆರವಣಿಗೆಯ ಹಾಗೆ ಕರೆದುಕೊಂಡು ಹೋದರು. ಜೊತೆಗೆ ನಾನು. ಮುನಿಯಪ್ಪನ ಜಗಲಿಯಲ್ಲಿ ಚಾಪೆ ಹಾಸಿ ಸಾಲಾಗಿ ಎಲೆ ಹಾಕಿದ್ದರು. ದುಂಡಗಿನ, ನೀರು ಜಾರುವ, ಹಸಿ ಹಸಿ ತಾವರೆ ಎಲೆಗಳು. ನಾನು ಎಲೆ ನೋಡಿದೆ, ನರ್ಸಮ್ಮನ ಮುಖ ನೋಡಿದೆ.

ಮುನಿಯಪ್ಪ ಹೊಸ ಪಂಚೆ ಉಟ್ಟು ಎದುರಿಗೆ ನಿಂತಿದ್ದ. “ನೀವು ದಿನಾ ನಿಂತ್ಕಂಡು ಆಸೆಯಿಂದ ನೋಡ್ತಿದ್ರಲ್ಲವ್ವ, ತೂಬಿನ ತಾವು, ಅದೇ ಜಾಗದ್ದು. ಬ್ಯಾರೆ ಕಡೆ ಒಂದು ಎಲೆ ಮುಟ್ನಿಲ್ಲ” ಎಂದ. ಅವನ ಕಣ್ಣಲ್ಲಿ ನೀರಿತ್ತು. “ನರ್ಸಮ್ನೋರು ಬಾಯಿಬುಟ್ಟು ಕೇಳೋರಲ್ಲ, ಅದ್ಕೇ ನಾವೇ ತಿಳ್ಕಂಡು ಮಾಡ್ದೋ.”

“ಅಲ್ಲಿ ಮೊಟ್ಟೆ ಇತ್ತಲ್ಲಪ್ಪ” ಎಂದರು ನರ್ಸಮ್ಮ, ತೀರ ಮೆಲ್ಲಗೆ.

“ಮೊಟ್ಟೆನಾ? ನಸುಕಿನಾಗೆ ಕಿತ್ತಿದ್ದಲ್ವ್ರಾ, ಯಾವ ಮೊಟ್ಟೆನೂ ಕಾಣ್ನಿಲ್ಲ.”

ನನಗೆ ತಲೆ ಸಿಡಿದುಹೋಯಿತು. ಎದ್ದು ನಿಂತು ಬಾಯಿಗೆ ಬಂದ ಹಾಗೆ ಬೈದುಬಿಡಬೇಕು ಎಂದು ಮೊಣಕಾಲೂರಿದೆ. ನರ್ಸಮ್ಮ ನನ್ನ ತೊಡೆಯ ಮೇಲೆ ಕೈಯಿಟ್ಟು ಒತ್ತಿದರು. ಮಕ್ಕಳನ್ನು ಎಳೆದು ಎಳೆದು ಗಟ್ಟಿಯಾದ ಕೈ ಅದು. ಏಳಲು ಆಗಲಿಲ್ಲ. ಅವರು ಮುದ್ದೆ ಉಂಡರು, ಅವರೆಕಾಳಿನ ಸಾರು ಉಂಡರು, ಪಾಯಸ ಎರಡು ಸಲ ಹಾಕಿಸಿಕೊಂಡರು. “ಎಲೆ ಬೋ ಚೆನ್ನಾಗೈತೆ ಮುನಿಯಪ್ಪ” ಎಂದು ಅವನ ಮಾತಿನಲ್ಲೇ ಹೇಳಿದರು. ಆಮೇಲೆ ಅವನ ಮೂರನೆಯ ಮಗಳು ಕುಣಿಯುತ್ತಾ ಓಡಿಬಂದಾಗ ಅದರ ಗಲ್ಲ ಹಿಡಿದು, “ಎತ್ಕೋತಾನೇನೇ ನಿಮ್ಮಪ್ಪ?” ಎಂದು ಕೇಳಿದರು. ಮುನಿಯಪ್ಪ ನಕ್ಕು ಅಡುಗೆ ಕಡೆ ಹೋದ.

ಬರುವಾಗ ದಾರಿಯಲ್ಲಿ ನಾನು ಕೂಗಾಡಿದೆ. ಇಷ್ಟು ವರ್ಷ ಯಾರಿಗಾದರೂ ಬಾಯಿಬಿಟ್ಟು ಹೇಳಿದ್ದರೆ ಹೀಗಾಗುತ್ತಿತ್ತೇ, ಅಲ್ಲಿ ಗೂಡಿದೆ ಎಂದು ಒಂದು ಮಾತು ಹೇಳಲು ನಿಮಗೇನಾಗಿತ್ತು ಎಂದೆ. “ಹೇಳಿದ್ರೆ ಊರಿನ ಹುಡುಗ್ರು ಮೊಟ್ಟೆ ಎತ್ತಿಬಿಡ್ತಿದ್ರು ಕಣೇ” ಎಂದರು. ಅದೂ ಸರಿಯೇ. ಸರಿಯಾದದ್ದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಹೊಸ ಜಾಗದಲ್ಲಿ ಅವರಿಗೆ ಕೊಟ್ಟದ್ದು ವಾರ್ಡಿನ ಹಿಂದಿನ ಒಂದು ಕೋಣೆ. ನಾಯಿ ಇಟ್ಟುಕೊಳ್ಳುವ ಹಾಗಿರಲಿಲ್ಲ. ಹೊರಡುವ ದಿನ ಬಸ್ಸು ಬಂದು ನಿಂತಾಗ ಸರಪಳಿಯ ತುದಿಯನ್ನು ನನ್ನ ಕೈಗೆ ಸುತ್ತಿದರು. ಹಕ್ಕಿಯೂ ಬೇಡ, ನಾಯಿಯೂ ಬೇಡ, ನನಗೆ ನಿದ್ದೆ ಬೇಕು ಎಂದು ಅಷ್ಟು ವರ್ಷ ಬಡಿದುಕೊಂಡವಳ ಕೈಗೆ. ಬಸ್ಸು ಹೊರಟ ಮೇಲೆ ಡ್ಯೂಕ್ ಒಂದು ಮುಂಗಾಲೆತ್ತಿ ಅದು ಹೋದ ದಿಕ್ಕನ್ನೇ ನೋಡುತ್ತಾ ನಿಂತ. ಆಮೇಲೆ ಕುತ್ತಿಗೆ ತಿರುಗಿಸಿ ನನ್ನ ಮುಖ ನೋಡಿದ. ನನಗೂ ಆವತ್ತು ಹೇಳಬೇಕಾಯಿತು, “ಇಲ್ಲಪ್ಪ” ಎಂದು.

ಅವನಿಗೆ ಅಭ್ಯಾಸ ತಪ್ಪಲಿಲ್ಲ, ಹಾಗಾಗಿ ನನಗೂ ತಪ್ಪಲಿಲ್ಲ. ದಿನಾ ಮಬ್ಬಿನಲ್ಲಿ ಬಂದು ನನ್ನ ಹೊದಿಕೆ ಎಳೆಯುತ್ತಿದ್ದ. ಬೈದುಕೊಂಡೇ ಹೋಗುತ್ತಿದ್ದೆ. ಮುದಿಯಾಗಿದ್ದ, ಕಿವಿ ಮಂದವಾಗಿತ್ತು, ಹಿಂಗಾಲು ಎಳೆಯುತ್ತಿತ್ತು. ಆದರೂ ಏರಿ ಕಂಡರೆ ನೀರಿಗೆ ನುಗ್ಗದೆ ಬಿಡುತ್ತಿರಲಿಲ್ಲ.

ಮರುವರ್ಷದ ಮಳೆಗಾಲ. ರಾತ್ರಿ ಮಳೆ ಹೊಯ್ದು ಏರಿಯೆಲ್ಲ ಕೆಸರು. ನಾನು ತೂಬಿನ ಕಲ್ಲಿನ ಹತ್ತಿರ ಹೋಗಿ ನಿಂತಾಗ, ಎದುರಿಗೆ, ಒಂದು ಕೊಡ ನೀರು ಎರಚಿದರೆ ಬೀಳುವಷ್ಟು ದೂರದಲ್ಲಿ, ತಾವರೆ ಎಲೆಗಳ ಮೇಲೆ ಅದು ನಡೆದುಬಂತು. ಬಿಳಿ ಹುಬ್ಬು, ಕಂಚಿನ ಬೆನ್ನು. ಆದರೆ ಅದರ ಹೊಟ್ಟೆಯ ಎರಡೂ ಪಕ್ಕದಲ್ಲಿ ಕಡ್ಡಿ ಕಡ್ಡಿಯಂಥ ಏನೋ ನೇತಾಡುತ್ತಿತ್ತು. ನನಗೆ ಅರ್ಥವಾಗಲಿಲ್ಲ. ಹಕ್ಕಿ ನಿಂತಿತು, ರೆಕ್ಕೆ ಸ್ವಲ್ಪ ಸಡಿಲಿಸಿತು, ಕಡ್ಡಿಗಳು ಕಾಲುಗಳಾಗಿ ಎಲೆಯ ಮೇಲೆ ಉದುರಿದವು, ಅವುಗಳ ಮೇಲೆ ಬೆರಳ ತುದಿಯಷ್ಟು ಮರಿಗಳಿದ್ದವು. ಓಡಾಡಿದವು. ಹದ್ದಿನ ನೆರಳೇನೋ ಹಾಯಿತು, ಹಕ್ಕಿ ಬಗ್ಗಿತು, ಮರಿಗಳು ರೆಕ್ಕೆಯೊಳಗೆ ನುಗ್ಗಿದವು, ಮತ್ತೆ ಕಾಲುಗಳು ಮಾತ್ರ ನೇತಾಡಿದವು.

ಡ್ಯೂಕ್ ಈಗ ಹಾರುತ್ತಾನೆ ಎಂದು ನಾನು ಕಣ್ಣು ಮುಚ್ಚಿದೆ. ಸದ್ದು ಬರಲಿಲ್ಲ. ಕಣ್ಣು ತೆರೆದು ಕೆಳಗೆ ನೋಡಿದರೆ ಅವನು ನನ್ನ ಕಾಲ ಬಳಿ ಕೂತಿದ್ದ. ಕೆಸರಿನಲ್ಲಿ ಅಂಡೂರಿ, ಕತ್ತು ಚಾಚಿ, ಹಕ್ಕಿಯನ್ನೇ ನೋಡುತ್ತಾ ಕೂತಿದ್ದ. ಮುದಿತನಕ್ಕೋ ಇನ್ನೇನಕ್ಕೋ, ಯಾರಿಗೆ ಗೊತ್ತು. ಅವನ ಕಿವಿ ಹಿಡಿದು, ಈ ಬುದ್ಧಿ ಮೊದಲೆಲ್ಲ ಎಲ್ಲಿ ಹೋಗಿತ್ತೋ ನಿನ್ನ ಮನೆ ಹಾಳಾಗ ಎಂದು ಬೈದೆ. ಬೈಯುತ್ತಾ ಬೈಯುತ್ತಾ ಅಳುತ್ತಿದ್ದೆ.

ಹಿಂದಿನಿಂದ ಮುನಿಯಪ್ಪನ ದನಿ ಬಂತು. “ನರ್ಸಮ್ನೋರು ಏಳ್ತಿದ್ದುದು ಇದೇನಾ ಟೀಚರಮ್ಮ?”

“ಇದೇ. ನೋಡಿದ್ಯಾ? ಅದು ಗಂಡು. ಮರಿಗಳನ್ನ ಹೊತ್ಕೊಂಡಿದೆ, ನೋಡಿದ್ಯಾ?”

ಅವನು ಬಹಳ ಹೊತ್ತು ನೋಡಿದ. ಕೊನೆಗೆ ತಲೆಯಾಡಿಸಿ, “ಪಾಪ, ಎಂಡ್ರು ಬುಟ್ಟು ಓಡೋಗವ್ಳೆ ಅನ್ಸುತ್ತೆ” ಎಂದ.

ಇಷ್ಟಕ್ಕೆ ಇಷ್ಟು ವರ್ಷ. ನಾನು ನಾಯಿ ಎಳೆದುಕೊಂಡು ಮನೆಗೆ ಬಂದೆ.

ಆ ಭಾನುವಾರವೇ ಯಶವಂತಪುರಕ್ಕೆ ಹೋದೆ. ನರ್ಸಮ್ಮ ಬಡವಾಗಿದ್ದರು. ದುರ್ಬೀನು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು, ಕಿಟಕಿಯಾಚೆ ಇನ್ನೊಂದು ಗೋಡೆ. ಕಾಫಿ ಕೊಟ್ಟರು. ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ನೇತಾಡುತ್ತಿದ್ದ ಕಾಲುಗಳು, ಹದ್ದಿನ ನೆರಳು, ಎಲ್ಲ. “ನಾನು ನೋಡ್ಲಿಲ್ವಲ್ಲ” ಎನ್ನುತ್ತಾರೆಂದು ಕಾದೆ. ಅವರು ಕೇಳಿದ್ದು ಬೇರೆ.

“ಮುನಿಯಪ್ಪ ನೋಡಿದ್ನಾ?”

“ನೋಡ್ದ. ಹೆಂಡತಿ ಓಡಿಹೋಗಿದ್ದಾಳೆ ಅಂದ.”

ಅವರು ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಅಷ್ಟು ಬೆಳಗ್ಗೆ ಅವನೊಬ್ನೇ ಬಂದಿದ್ನಾ?” ಎಂದರು.

“ಇಲ್ಲ, ಮಗಳಿದ್ಲು. ಅದೇ ಮೂರನೇದು.”

“ಎಲ್ಲಿತ್ತು ಮಗು?”

ನಾನು ಯೋಚಿಸಿದೆ. ಏರಿ ಕೆಸರಾಗಿತ್ತು. ಮಗುವಿನ ಕಾಲಲ್ಲಿ ಕಾಲ್ಗೆಜ್ಜೆ ಇತ್ತು, ಅದು ಅವನ ಎದೆಗೆ ಬಡಿಯುತ್ತಿತ್ತು. ಹಕ್ಕಿ ನೋಡುವಷ್ಟು ಹೊತ್ತೂ ಅವನು ಎರಡೂ ಕೈಯಲ್ಲಿ ಆ ಕಾಲುಗಳನ್ನು ಹಿಡಿದುಕೊಂಡಿದ್ದ. “ಹೆಗಲ ಮೇಲೆ” ಎಂದೆ.

ನರ್ಸಮ್ಮ ಕಾಫಿ ಲೋಟ ಕೆಳಗಿಟ್ಟರು. “ಹಾಗಾದ್ರೆ ಆಯ್ತು ಬಿಡು” ಎಂದರು.

“ನೀವು ನೋಡ್ಲಿಲ್ವಲ್ಲ” ಎಂದೆ, ಬೇಕೆಂದೇ.

“ನೀನು ನೋಡಿದ್ಯಲ್ಲ ಕಣೇ.”

ಆಮೇಲೆ ಅವರೇ, “ಅದ್ಸರಿ, ಅಷ್ಟು ಹೊತ್ತು ಹಕ್ಕಿ ಹೇಗೆ ನಿಂತಿತ್ತು? ಡ್ಯೂಕ್ ಇರ್ಲಿಲ್ವಾ?” ಎಂದು ಕೇಳಿದರು.

“ಇದ್ದ. ಸುಮ್ನೆ ಕೂತಿದ್ದ.”

“ಹೋಗೇ” ಎಂದರು. “ಬೇರೆಲ್ಲ ನಂಬ್ತೀನಿ. ಅದೊಂದು ಮಾತ್ರ ನಾನೇ ನೋಡ್ಬೇಕು. ಮುಂದಿನ ಮಳೆಗೆ ಬರ್ತೀನಿ.”

ಮುಂದಿನ ಮಳೆಗೆ ಅವರಿಗೆ ರಜೆ ಸಿಗಲಿಲ್ಲ. ಅದರ ಮುಂದಿನ ಮಳೆಗೆ ಡ್ಯೂಕ್ ಇರಲಿಲ್ಲ, ಹಿತ್ತಲಿನ ಸಂಪಿಗೆ ಗಿಡದ ಬುಡದಲ್ಲಿ ಹೂತೆವು. ಆಮೇಲೆ ಅವರೇ ಕಾಯಿಲೆ ಬಿದ್ದರು. ನೋಡಲು ಹೋದಾಗಲೆಲ್ಲ ಹೇಳಿದೆ, ಪ್ರತಿ ಸಲವೂ ನಕ್ಕು, ಇಲ್ಲ ಕಣೇ, ನೀನು ನನ್ನ ಸಮಾಧಾನಕ್ಕೆ ಹೇಳ್ತೀಯ ಎಂದರು. ಈಗ ಇನ್ನು ಯಾರಿಗೆ ಹೇಳಲಿ?

ಕೂತಿದ್ದ, ನರ್ಸಮ್ಮ. ನಿಜವಾಗಿ ಕೂತಿದ್ದ. ನಾನು ನೋಡಿದ್ದೇನೆ.